ಕೂಗಳತೆ

ಸಕ್ಕರೆ ಇನ್ನೂರ ಹದಿನಾರು ಎಂದು ಡಾಕ್ಟರು ಚೀಟಿಯಲ್ಲಿ ಬರೆದ ಮರುದಿನದಿಂದ
ಓಡುತ್ತಿದ್ದೇನೆ. ಮಂಡ್ಲಿಯ ಮನೆಯಿಂದ ಹರಕೆರೆ ದಾಟಿ
ಗಾಜನೂರಿನ ಕಡೆಗೆ, ಬೆಳಿಗ್ಗೆ ಐದೂಕಾಲಿಗೆ,
ಮಗ್ಗುಲಲ್ಲಿ ತುಂಗೆ
ಕಂಡೂ ಕಾಣದ ಹಾಗೆ.

ಹಾಡು ಹಾಕಿಕೊಂಡರೆ ಕಾಲು ತಾಳಕ್ಕೆ ಬಿದ್ದು ಏದುಸಿರು.
ಅದಕ್ಕೇ ಉಪನ್ಯಾಸ.
ಅಳತೆಗಳ ಚರಿತ್ರೆ, ಒಟ್ಟು ಒಂಬತ್ತು ಕಂತು.
ಯಾರೋ ಹಿರಿಯರು, ಯಾವುದೋ ಸಭಾಂಗಣ,
ಫ್ಯಾನಿನ ಸದ್ದೂ ರೆಕಾರ್ಡಾಗಿದೆ.

ನಾನು ತೂಕ ಮತ್ತು ಅಳತೆ ಇಲಾಖೆಯವನು.
ಇಪ್ಪತ್ತೆರಡು ವರ್ಷ ಗಾಂಧಿ ಬಜಾರಿನ ತಕ್ಕಡಿಗಳಿಗೆ ಸೀಲು ಹೊಡೆದವನು,
ತಟ್ಟೆಯ ತಳಕ್ಕೆ ಅಂಟಿಸಿದ ಹುಣಸೆಹಣ್ಣನ್ನು
ಬೆರಳ ತುದಿಯಲ್ಲೇ ಕಂಡುಹಿಡಿಯುವವನು.
ನನಗೆ ಗೊತ್ತಿದ್ದುದು ಕಿಲೋ, ಲೀಟರು, ದಂಡ.
ಈ ಮನುಷ್ಯ ಹೇಳುತ್ತಾರೆ:
ಹೊಲವನ್ನು ಅದು ನುಂಗುವ ಬೀಜದಿಂದ ಅಳೆದರಂತೆ,
ಬಟ್ಟೆಯನ್ನು ಮೊಳಕೈಯಿಂದ,
ಬಾವಿಯ ಆಳವನ್ನು ಚಾಚಿದ ಎರಡು ತೋಳಿನಿಂದ,
ಹತ್ತಿರದೂರಿನ ದೂರವನ್ನು
ಒಬ್ಬ ಕೂಗಿದರೆ ಇನ್ನೊಬ್ಬ ಓಗೊಡುವಷ್ಟು ಎಂದು.
ಕೂಗಳತೆ.
"ಗಮನಿಸಿ," ಎನ್ನುತ್ತಾರೆ, "ಈ ಅಳತೆಗೆ ಇಬ್ಬರು ಬೇಕು."

ನಾಲ್ಕು ವರ್ಷ. ಒಂಬತ್ತೂ ಮುಗಿದು ಮತ್ತೆ ಮೊದಲಿಂದ, ಮತ್ತೆ ಮೊದಲಿಂದ.
ಮಾತುಗಳು ಈಗ ರಸ್ತೆಗೇ ಅಂಟಿಕೊಂಡಿವೆ.
ಪೆಟ್ರೋಲ್ ಬಂಕಿನ ಎದುರು ಕೊಳಗ, ಖಂಡುಗ.
ನಾಯಿ ಅಟ್ಟಿಸಿಕೊಂಡು ಬಂದ ಮೋರಿಯ ಮೇಲೆ
ಫ್ರೆಂಚರು ಮೀಟರಿಗಾಗಿ ಭೂಮಿಯನ್ನೇ ಅಳೆಯಲು ಹೊರಟದ್ದು;
ಆಫೀಸಿನಲ್ಲಿ ಯಾರಾದರೂ ಮೀಟರ್ ಎಂದರೆ ಸಾಕು
ಈಗಲೂ ಮೀನಖಂಡ ಬಿಗಿಯುತ್ತದೆ.
ಹರಕೆರೆ ತಿರುವಿನಲ್ಲಿ, ಎರಡನೇ ಕಂತಿನ ದಿನ,
ಸಭೆಯಲ್ಲೊಬ್ಬ ಹೆಂಗಸು ಕೆಮ್ಮುತ್ತಾರೆ. ಒಣಕೆಮ್ಮು, ನಿಲ್ಲುವುದೇ ಇಲ್ಲ.
ಪ್ರತಿ ಸಲವೂ ಅಂದುಕೊಳ್ಳುತ್ತೇನೆ,
ಪಾಪ, ಅಷ್ಟು ಜನರಲ್ಲಿ ಯಾರಾದರೂ ನೀರು ಕೊಡಬಾರದೆ.

ತಿರುವು ದಾಟಿದರೆ ಸಾ ಮಿಲ್ಲು.
ಸಿಲ್ವರ್ ಓಕ್ ದಿಮ್ಮಿಗಳ ಪಕ್ಕ ಮಫ್ಲರು ಸುತ್ತಿಕೊಂಡ ವಾಚ್‌ಮನ್
(ಗುತ್ಯಪ್ಪ ಎಂದು ಗೊತ್ತಾದದ್ದು ಆಮೇಲೆ)
ನನ್ನನ್ನು ಕಂಡು ಬಾಯಿ ಆಡಿಸುತ್ತಾನೆ.
ನಾನು ಅಂಗೈ ಎತ್ತುತ್ತೇನೆ.
ನಮಸ್ಕಾರಕ್ಕೆ ನಮಸ್ಕಾರ. ಲೆಕ್ಕ ಚುಕ್ತಾ.

ಮೊನ್ನೆ ಗುರುವಾರ, ಐದನೇ ಕಂತು, ವಾಕ್ಯದ ನಡುವೆ
"ಹೀಗಾಗಿ ಯಾವ ಅಳತೆಯೂ" ಎಂದದ್ದೇ ತಡ
ಟುಣ್ ಎಂದು ಕಿವಿಯಲ್ಲಿ ಚಾರ್ಜು ತೀರಿತು.
ಎಷ್ಟು ಗದ್ದಲ!
ನನ್ನದೇ ಉಸಿರು, ಹರಕು ತಿದಿಯ ಹಾಗೆ.
ಎಡಗಾಲಿನ ಶೂ ಕೀಚ್ ಎನ್ನುತ್ತದೆ, ಯಾವಾಗಿನಿಂದಲೋ.
ಹೊಳೆ ಕೂಡ ಕಲ್ಲುಗಳ ನಡುವೆ ಏನೋ ಹೇಳುತ್ತಿತ್ತು,
ಗಮನಿಸಿ ಎನ್ನದೆ.

ಗೇಟಿನ ಬಳಿ ಆ ಬಾಯಿಗೆ ದನಿ ಬಂತು:
"ಎಷ್ಟಾಯ್ತು ಸಾರ್, ಕಿಲೋಮೀಟ್ರು?"
ಅಭ್ಯಾಸಬಲ, ಕೈ ತಾನಾಗಿ ಮೇಲೆದ್ದಿತು. ಐದು ಬೆರಳು.
"ಐದು!" ಎಂದ, ಒಳಗೆ ಹೊಟ್ಟು ತುಂಬುತ್ತಿದ್ದ ಹುಡುಗನಿಗೆ ಕೇಳುವಂತೆ,
"ದಿನಾ ಐದು ಕಣೋ. ಮಳೆ ಬರ್ಲಿ, ಚಳಿ ಬರ್ಲಿ. ಒಂದು ದಿನ ಕಮ್ಮಿ ಇಲ್ಲ."

ಅಲ್ಲಿಗೆ ಮೂರು.
ಸರಿಯಾಗಿ ಹೇಳಬೇಕೆಂದರೆ ಎರಡು ಪಾಯಿಂಟ್ ಒಂಬತ್ತು.
ಸಾವಿರ ಮುಂಜಾವು, ಮುಂಜಾವಿಗೆ ಎರಡರಂತೆ
ಕಳ್ಳತೂಕ ತೂಗಿದ್ದೇನೆ, ಸೀಲು ಹೊಡೆಯುವ ಇದೇ ಕೈಯಲ್ಲಿ.
ಅಂಗಡಿಯವನಾಗಿದ್ದರೆ ಅಲ್ಲೇ ರಸೀದಿ ಹರಿಯುತ್ತಿದ್ದೆ.

ಮರುದಿನ ಚಾರ್ಜು ಪೂರ್ತಿ ಇತ್ತು.
ತಿರುವಿನಲ್ಲಿ ಎರಡನ್ನೂ ಕಿವಿಯಿಂದ ಕಿತ್ತು ಜೇಬಿಗೆ ಹಾಕಿದೆ,
ಹಿರಿಯರು ಜೇಬಿನೊಳಗೇ ಮಾತು ಮುಂದುವರಿಸಿರಬೇಕು.
ಗೇಟಿನ ಮುಂದೆ ನಿಂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ.
ಕೇಳುವ ಮೊದಲೇ ಮೂರು ಬೆರಳು ತೋರಿಸಿದೆ.
"ಮೂರೇ ಕಣಪ್ಪ. ಮೂರಕ್ಕೂ ಚೂರು ಕಮ್ಮಿ."

ಗುತ್ಯಪ್ಪ ಮಫ್ಲರು ಸಡಿಲಿಸಿ ನನ್ನ ಮುಖವನ್ನೇ ನೋಡಿದ.
ತಾನು ಕೂತಿದ್ದ ಕುರ್ಚಿಯನ್ನು ಮುಂದಕ್ಕೆ ತಳ್ಳಿದ.
"ಯಾಕ್ ಸಾರ್, ಮೈಗೆ ಹುಷಾರಿಲ್ವಾ?
ಕೂತ್ಕೊಳ್ಳಿ, ನೀರು ತರ್ತೀನಿ."