ಕಾಲು, ಅರೆ, ಮುಕ್ಕಾಲು

ತ್ಬಿಲಿಸಿಯ ಗ್ಲದಾನಿ ಬಡಾವಣೆಯಲ್ಲಿ
ಲಿಫ್ಟಿಗೂ ಹಸಿವು. ಇಪ್ಪತ್ತು ತೆತ್ರಿಯ ಬಿಲ್ಲೆ
ಬಾಯಿಗೆ ಬಿದ್ದರೆ ಮಾತ್ರ ಮೇಲಕ್ಕೆ.
ಎಂಟನೆಯ ಮಹಡಿಯ ಲಮಾರಾ
ಬಿಲ್ಲೆ ಹಾಕುತ್ತ ಹಾಕುತ್ತ ಅರವತ್ತು ದಾಟಿದಳು.

ಮೂವತ್ತೊಂದು ವರ್ಷ ಮೆಟ್ರೋದ ಪಾತಾಳದಲ್ಲಿ,
ಎಸ್ಕಲೇಟರಿನ ಬುಡದ ಗಾಜಿನ ಗೂಡಿನೊಳಗೆ ಅವಳ ಕೆಲಸ.
ಯಾರಾದರೂ ಬಿದ್ದರೆ ಕೆಂಪು ಗುಂಡಿ ಒತ್ತುವುದು.
ಬೀಳುವವರು ಅಪರೂಪ.
ಇಡೀ ಊರು ನಿಂತಲ್ಲೇ ನಿಂತು ಮೇಲೇರುವುದನ್ನು
ಕೂತಲ್ಲೇ ಕೂತು ನೋಡಿದಳು.
ಮುಖಗಳು ಅವಳಿಗೆ ನೆನಪಿಲ್ಲ,
ಬೂಟುಗಳು ನೆನಪಿವೆ.

ನಿವೃತ್ತಿಯ ದಿನ ಹೂವು ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು.
ಎದ್ದು ನಿಂತು ನಾಲ್ಕು ಮಾತು ಹೇಳಹೋದರೆ
ಮಂಡಿ ಒಪ್ಪಲಿಲ್ಲ. ಮೇಜು ಹಿಡಿದಳು.
ಪಾಪ, ದುಃಖ ಉಕ್ಕಿತು ಅಂದುಕೊಂಡರು ಎಲ್ಲರೂ.

ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ ಜುಂಬೆರ್,
ಹಿಂದೊಮ್ಮೆ ಭಾರ ಎತ್ತುತ್ತಿದ್ದವನು, ಎಡಗಿವಿ ಕೇಳದವನು.
ತುಕ್ಕು ಹಿಡಿದ ತಟ್ಟೆಗಳು, ಸುಣ್ಣದ ಪುಡಿ,
ಯಾವ ಕೋಣೆಯದೋ ಗೋಡೆಗೊರಗಿಸಿದ ಒಂದು ಬಾಗಿಲು.
"ಕೂರು" ಅಂದ.
ಕುರ್ಚಿ ಹುಡುಕಿದಳು.
"ಕುರ್ಚಿ ಇಲ್ಲದೆ."

ನಮ್ಮ ಮಾತಿನಲ್ಲಿ ಕಾಲೆಂದರೆ ನಾಲ್ಕರಲ್ಲೊಂದು ಪಾಲೂ ಹೌದು.
ಮೊದಲ ತಿಂಗಳು ಅವಳ ಕಾಲು ಇಳಿದದ್ದು ಬರೀ ಕಾಲು.
ಶಾಲೆಯಲ್ಲಿ ಕಿವಿ ಹಿಡಿಸಿ ಹೊಡೆಸುತ್ತಿದ್ದರಲ್ಲ ನಮಗೆ, ಬಸ್ಕಿ,
ಅದೇ. ತಪ್ಪು ಯಾರದೂ ಇಲ್ಲ, ಅಷ್ಟೇ.
ಚಳಿಗಾಲಕ್ಕೆ ಅರೆ. ಹಿಮ ಕರಗುವಾಗ ಮುಕ್ಕಾಲು.
ಅಂಜೂರ ಚಿಗುರುವ ಹೊತ್ತಿಗೆ
ಅಂಡು ಹಿಮ್ಮಡಿಗೆ ತಾಗುವಷ್ಟು,
ಕಹೇತಿಯ ದ್ರಾಕ್ಷಿ ಸಾಲುಗಳ ನಡುವೆ
ಕಳೆ ಕೀಳುತ್ತ ಅವಳಜ್ಜಿ ಕೂರುತ್ತಿದ್ದಷ್ಟು.
ಉಳಿದ ಬಿಲ್ಲೆಗಳು ಉಪ್ಪಿನಕಾಯಿ ಜಾಡಿ ಸೇರತೊಡಗಿದವು.

ಹೆಗಲ ಮೇಲೆ ಮೊದಲು ಪೊರಕೆಯ ಕೋಲು, ಆಮೇಲೆ ಕಂಬಿ,
ಆಮೇಲೆ ಕಂಬಿಗೆ ಬಳೆ ತೊಡಿಸಿದಂತೆ ಒಂದೊಂದೇ ತಟ್ಟೆ.
ಹೊಟ್ಟೆಯಲ್ಲಿ ಉಸಿರು ಕಟ್ಟಿಕೊಂಡು ಇಳಿದರೆ
ತಳದಲ್ಲಿ ಒಂದು ಚಣ.
ಅಲ್ಲಿಗೆ ಏನೂ ಬರುವುದಿಲ್ಲ.
ಫೋನು ಮಾಡದ ಮಗಳು,
ಬತೂಮಿಯಲ್ಲಿ ಬೇರೊಬ್ಬಳ ಮನೆಯಲ್ಲಿ ಸತ್ತ ಗಂಡ,
ಗ್ಯಾಸಿನ ಬಿಲ್ಲು.
ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ,
ಅಂಗಾಲು ಮೂರು ಕಡೆ ನೆಲ ಕಚ್ಚಿದೆ.
ಅಷ್ಟೇ ಲೋಕ.
ಆಮೇಲೆ ನಡುಗುತ್ತ ನಡುಗುತ್ತ ತೊಡೆ ಅವಳನ್ನು ಮೇಲೆ ತರುತ್ತದೆ,
ಮೀನಖಂಡದಲ್ಲಿ ನಿಜಕ್ಕೂ ಮೀನೊಂದು ಹೊರಳುತ್ತದೆ.

"ಕಿದೇವ್ ಎರ್ತಿ!" ಜುಂಬೆರನ ಕೂಗು. ಇನ್ನೊಂದು!
ಅವನ ಬಾಯಲ್ಲಿ ಬೇರೆ ಮಾತೇ ಇಲ್ಲ.

ತನ್ನ ತೂಕವನ್ನೇ ಹೊತ್ತು ಎದ್ದ ದಿನ, ಅರವತ್ತೆಂಟು ಕಿಲೋ,
ಅವನೊಂದು ಚೀಟಿ ತಂದ. ಹಿರಿಯರ ಸ್ಪರ್ಧೆ.
"ನಿನ್ನ ವಯಸ್ಸಿನವರು ಇನ್ನಿಬ್ಬರೇ. ಒಬ್ಬಳಿಗೆ ಸೊಂಟ ನೆಟ್ಟಗಿಲ್ಲ.
ಪದಕ ಮನೆಗೇ ಬಂದ ಹಾಗೆ."
ಲಮಾರಾ ಕುತ್ತಿಗೆ ಒರೆಸಿಕೊಂಡಳು.
"ಆವತ್ತು ಹುಳಿ ಪ್ಲಮ್ ಕುದಿಸಬೇಕು."
"ಪ್ಲಮ್ ಕಾಯುತ್ತದೆ."
"ಕಾಯುವುದಿಲ್ಲ. ಕೊಳೆಯುತ್ತದೆ."
ಕೇಳದ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂತ.
ಎರಡು ವಾರ ಮಾತಿಲ್ಲ, ಎಣಿಕೆ ಮಾತ್ರ.

ಬಿಟ್ಟಳೆ? ಇಲ್ಲ.
ಮಂಗಳವಾರ, ಶುಕ್ರವಾರ, ಅದೇ ಕಂಬಿ, ಅದೇ ಅರವತ್ತೆಂಟು.
ಸಾಕು: ನಿಲ್ಲಿಸು ಎನ್ನುವ ಸಾಕು ಒಂದು,
ಅನ್ನವಿಕ್ಕಿ ಬೆಳೆಸು ಎನ್ನುವ ಸಾಕು ಇನ್ನೊಂದು.
ಅವಳದು ಯಾವುದೆಂದು
ಅವಳ ಭಾಷೆಯಲ್ಲಿ ಕೇಳಲು ನನಗೆ ಬಾರದು.

ಶನಿವಾರ ಸಂತೆ ಮುಗಿಸಿ,
ಕೊತ್ತಂಬರಿ ಕಟ್ಟು, ಬೆಳ್ಳುಳ್ಳಿ, ಆರು ಕಿಲೋ ಪ್ಲಮ್ಮಿನ ಚೀಲ ಹಿಡಿದು
ತನ್ನ ಹಳೆಯ ನಿಲ್ದಾಣದಲ್ಲಿ ಇಳಿದಳು.
ಗಾಜಿನ ಗೂಡಿನಲ್ಲಿ ಯಾರೋ ಹೊಸ ಹುಡುಗಿ,
ಉಣ್ಣೆಯ ಕಾಲುಚೀಲ, ಕಳಚಿಟ್ಟ ಬೂಟು.
ಎಡಗಡೆ ಅವಸರದವರು ಮೆಟ್ಟಿಲು ಹತ್ತಿ ಹೋಗುತ್ತಾರೆ,
ನಿಲ್ಲುವವರು ಬಲಗಡೆ.
ಅಷ್ಟೂ ಎತ್ತರ ಹತ್ತಬಲ್ಲಳು ಈಗ, ಚೀಲ ಸಮೇತ, ಏದುಸಿರಿಲ್ಲದೆ.

ಬಲಕ್ಕೆ ನಿಂತಳು.
ಗೂಡಿನ ಹುಡುಗಿ ನೋಡಿದ್ದು ಬಹುಶಃ ಇಷ್ಟು:
ಒಂದು ಜೊತೆ ಕಂದು ಬೂಟು,
ತುಸು ಅಗಲಿಸಿಟ್ಟ ಪಾದ, ಸಡಿಲ ಮಂಡಿ,
ಯಾವುದಕ್ಕೂ ಒರಗದೆ
ಮೇಲೆ ಹೋಗುತ್ತಿರುವುದು.