ಮುಖ ಕೊಟ್ಟು

ಕ್ಲೈಪೆದಾ ಬಂದರಿನಲ್ಲಿ, ನಲವತ್ತು ಮೀಟರ್ ಮೇಲೆ
ಗಾಜಿನ ಗೂಡಿನಲ್ಲಿ ಕೂತು ಇಪ್ಪತ್ತೆರಡು ವರ್ಷ
ಕ್ರೇನು ನಡೆಸಿದವನು ನಾನು, ರಿಮ್‌ಗೌದಾಸ್.
ಕೆಳಗೆ, ಅಕ್ಕಿಕಾಳಿನಷ್ಟು, ಅಲ್ವೀದಾಸನ ಕೈ:
ಬೆರಳು ಸುತ್ತಿದರೆ ಎತ್ತು,
ಅಂಗೈ ನೆಲ ನೋಡಿದರೆ ಇಳಿಸು,
ಮುಷ್ಟಿ ಕಟ್ಟಿದರೆ ಇದ್ದಲ್ಲೇ ನಿಲ್ಲು.
ಬಾಲ್ಟಿಕ್ಕಿನ ಗಾಳಿಗೂ, ಮೂರು ದಿನದ ಮಂಜಿಗೂ
ಒಂದು ಪೆಟ್ಟಿಗೆ ತಪ್ಪು ಜಾಗಕ್ಕೆ ಕೂತದ್ದಿಲ್ಲ.

ಜಂಬಕ್ಕೆ ಹೇಳುತ್ತಿಲ್ಲ.
ಹಾಳೆಯ ಮೊದಲ ಪ್ರಶ್ನೆಯೇ ಅದು:
‘ನಿಮ್ಮ ಮಾತು ಎದುರಿನವರಿಗೆ ತಲುಪುತ್ತದೆಯೆ?’
ಹತ್ತಕ್ಕೆ ಹತ್ತು ಹಾಕಿಕೊಂಡೆ, ಒತ್ತಿ ಬರೆದು.

ಹಾಳೆ ಕೊಟ್ಟವಳು ಕಿವಿಯ ಡಾಕ್ಟರು.
ದಂಗುವೊಲೆಯ ಎರಡು ಕಿವಿಗೂ ಹುರುಳಿಕಾಳಿನಂಥ
ಯಂತ್ರ ಕೂರಿಸಿ, ನನ್ನತ್ತ ತಿರುಗಿ,
ಅರ್ಧ ಕೆಲಸ ಇದರದು, ಅರ್ಧ ನಿಮ್ಮದು ಅಂದಳು.
ನನ್ನ ಕಿವಿ ಸರಿಯಾಗೇ ಇದೆಯಲ್ಲ ಅಂದೆ.
ಅವಳು ನಗಲಿಲ್ಲ.
ಒಂದು ವಾರ ಬರೆದಿಡಿ ಅಂದಳು.

ಬರೆದೆ.
ಫ್ರಿಜ್ಜಿನೊಳಗೆ ತಲೆಯಿಟ್ಟು ಕೇಳಿದೆ, ಕೆಫೀರ್ ಎಲ್ಲಿ.
ಬೂಟಿನ ದಾರಕ್ಕೆ ಹೇಳಿದೆ, ಬರೋದು ತಡ.
ನಲ್ಲಿಯ ನೀರಿಗೆ ಹೇಳಿದೆ, ಮಗಳು ಫೋನ್ ಮಾಡಿದ್ದಳು.
ಅವಳು ಏನೋ ಕೇಳಿದ್ದಕ್ಕೆ
ಟೀವಿಯ ಬಾಸ್ಕೆಟ್‌ಬಾಲಿಗೆ ಉತ್ತರ ಕೊಟ್ಟೆ.
ಮಂಗಳವಾರ ರಾತ್ರಿ ಎಣಿಸಿದರೆ
ಆಡಿದ ಮಾತು ಮೂವತ್ತೊಂದು,
ಮುಖ ಕೊಟ್ಟು ಆಡಿದ್ದು ನಾಲ್ಕು,
ಅದರಲ್ಲಿ ಎರಡು ಬೆಕ್ಕಿಗೆ.

ಇನ್ನೊಂದು ಪ್ರಶ್ನೆ, ಸಣ್ಣ ಅಕ್ಷರದಲ್ಲಿ:
‘ಕೇಳಲಿಲ್ಲ ಅಂದಾಗ ಏನು ಹೇಳುತ್ತೀರಿ?’
‘ಏನಿಲ್ಲ ಬಿಡು’ ಅನ್ನುತ್ತೇನೆ.
ಒಂದೇ ದಿನಕ್ಕೆ ಒಂಬತ್ತು ಸಲ.
ರಾತ್ರಿ ನಿದ್ದೆ ಹತ್ತದೆ
ಆ ಒಂಬತ್ತು ಏನಿಲ್ಲಗಳನ್ನು ಹೆಕ್ಕುತ್ತ ಕೂತೆ:
ಅಲ್ವೀದಾಸ್ ಮುಂದಿನ ತಿಂಗಳು ನಿವೃತ್ತ,
ಆಮೇಲೆ ಯಾವ ಕೈಯನ್ನು ನಂಬುವುದೋ ಗೊತ್ತಿಲ್ಲ.
ಸೂಪಿಗೆ ಉಪ್ಪು ಸರಿಯಾಗಿತ್ತು.
ಮೇಲಿಂದ ಇವತ್ತು ಹಂಸಗಳು ಕಂಡವು,
ನೀನೂ ನೋಡಬೇಕಿತ್ತು ಅನ್ನಿಸಿತು.
ಉಳಿದವು ನೆನಪಾಗಲಿಲ್ಲ.
ಎತ್ತಿದ್ದು ಎಲ್ಲೂ ಇಳಿಯಲೇ ಇಲ್ಲ.

ಗುರುವಾರ ಸುಧಾರಿಸಲು ಹೊರಟೆ.
ಎದುರು ನಿಂತು, ಎದೆ ತುಂಬ ಉಸಿರೆಳೆದು ಕೂಗಿದೆ:
‘ಬೀಟ್‌ರೂಟ್! ತರಲಾ?’
ಪಕ್ಕದ ಮನೆಯ ಗೋಡೆ ಬಡಿಯಿತು.
ಅವಳು ಹೆದರಿ, ಯಾಕೆ ಕೋಪ ಅಂದಳು.
ಕೂಗಿದರೆ ಬಾಯಿ ಸೊಟ್ಟಗಾಗುತ್ತದಂತೆ,
ತುಟಿ ಓದಲು ಬರುವುದಿಲ್ಲವಂತೆ.
ಮತ್ತೆ, ಸ್ವಲ್ಪ ತಡೆದು ಅಂದಳು:
ನಿನಗೆ ತುಟಿ ಎಲ್ಲಿದೆ?
ಇಷ್ಟು ವರ್ಷ ನಾನು ಓದಿದ್ದೆಲ್ಲ ಮೀಸೆ.

ಸೈನ್ಯದಿಂದ ಬಂದಾಗ ಬಿಟ್ಟ ಮೀಸೆ ಅದು.
ತೆಗೆಯಲು ಹನ್ನೊಂದು ನಿಮಿಷ ಬೇಕಾಯ್ತು,
ಕನ್ನಡಿ ಮುಂದೆ ಧೈರ್ಯ ಬರಲು ಎರಡು ದಿನ.
ಮೂಗಿನ ಕೆಳಗೆ ಬಿಳಿ ಪಟ್ಟಿ,
ಬಾಡಿಗೆಯವರು ಖಾಲಿ ಮಾಡಿದ ಕೋಣೆಯ ಹಾಗೆ.
ಬೆಕ್ಕು ಗುರುತಿಸಲಿಲ್ಲ.
ದಂಗುವೊಲೆ ಗಲ್ಲ ಹಿಡಿದು ದೀಪದ ಕೆಳಗೆ ತಿರುಗಿಸಿ
ಓಹೋ ಅಂದಳು. ಅಷ್ಟೇ.

ಭಾನುವಾರ ಮೊದಲ ಪ್ರಶ್ನೆಯ ಹತ್ತನ್ನು ಒಡೆದು
ಮೂರು ಮಾಡಿದೆ. ಮೂರೂವರೆ ಅನ್ನೋಣ.
ಹಾಳೆ ಮಗುಚಿದರೆ ಹಿಂಬದಿಯಲ್ಲಿ ಒಂದೇ ಪ್ರಶ್ನೆ,
ಅದನ್ನು ತುಂಬಬೇಕಾದವಳು ಅವಳು:
‘ನಿಮ್ಮ ಮಾತು ಇವರಿಗೆ ತಲುಪುತ್ತದೆಯೆ?’

ಪೆನ್ಸಿಲು ಚೂಪು ಮಾಡಿ ಕೊಟ್ಟೆ.
ಅವಳು ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು
ಕುರ್ಚಿ ಎಳೆದು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು
ಹತ್ತಿರ ಕೂತು, ಹೇಳತೊಡಗಿದಳು.
ಮೊದಲು ಅವಳ ತಂಗಿಯ ವಿಷಯ. ಅದು ಗೊತ್ತಿತ್ತು.
ಮತ್ತೆ ಗೊತ್ತಿಲ್ಲದ್ದು.
ಹಾಗಲ್ಲ, ಅವತ್ತು ನಾನು, ಎಂದು ಬಾಯಿ ತೆರೆದೆ.

ಅವಳ ಮುಷ್ಟಿ ಮೇಲೆದ್ದಿತು.
ಎಲ್ಲಿ ಕಲಿತಳೋ.
ಹೊಸತರಲ್ಲಿ ಬುತ್ತಿ ಹಿಡಿದು ಬಂದರಿನ ಬೇಲಿಯಾಚೆ
ನನ್ನ ಗೂಡು ನೋಡುತ್ತ ನಿಲ್ಲುತ್ತಿದ್ದಳು,
ಆಗಲೇ ಇರಬೇಕು.

ನಿಂತೆ.
ಭಾರ ನಡುವೆ ತೂಗುತ್ತಿತ್ತು.
ಅವಳ ಬೆರಳು ಬಿಚ್ಚುವುದನ್ನೇ ನೋಡುತ್ತ ಕೂತೆ.