ಇನ್ನೂ ಇಳಿದಿಲ್ಲ

ನಮ್ಮ ಅಡುಗೆಮನೆಯ ನಡುವೆ ಒಂದು ಪೀಪಾಯಿ.
ಮೊದಲು ಅದರಲ್ಲಿ ಸೂರ್ಯಕಾಂತಿ ಎಣ್ಣೆ ಇತ್ತು,
ಈಗ ಅಲುಗಾಡಬಾರದೆಂದು ಕಲ್ಲು ತುಂಬಿದ್ದಾನೆ.
ಮೇಲೆ ಒಂದು ಗಾಜು, ಗಾಜಿನ ಮೇಲೆ ಇನ್ನೊಂದು,
ನಡುವೆ ಒಂದು ಚಿಟಿಕೆ ಪುಡಿ, ಎರಡು ಹನಿ ನೀರು.
ವಾರ್ದ್‌ಗೆಸ್ ತಳ್ಳುತ್ತಾನೆ, ಎಳೆಯುತ್ತಾನೆ,
ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಾನೆ,
ಮತ್ತೆ ತಳ್ಳುತ್ತಾನೆ.

ಗಾಣದೆತ್ತು, ಅಂದೆ.
ಗಾಣಕ್ಕೆ ಎಣ್ಣೆಯಾದರೂ ಬರುತ್ತದೆ, ಅಂದ,
ಇಲ್ಲಿ ಬರುವುದು ಒಂದು ತಗ್ಗು.
ಆ ತಗ್ಗಿನಲ್ಲಿ ಶನಿಗ್ರಹ ಬಂದು ಕೂರುತ್ತದಂತೆ,
ಬಳೆ ಸಮೇತ.

ಗ್ಯುಮ್ರಿಯ ರೈಲುನಿಲ್ದಾಣದ ಪಕ್ಕ ಅವನ ಚಪ್ಪಲಿ ಅಂಗಡಿ.
ಸಿರಾನುಷ್‌ಳ ಬೂಟಿನ ಹಿಮ್ಮಡಿ ನವೆಂಬರಿನಿಂದ ಕಾಯುತ್ತಿದೆ.
ಪಾಪ, ಒಂದೇ ಕಾಲಿಗೆ ಹಿಮ ತುಳಿಯುತ್ತಾಳೆಯೇ ಅವಳು?
ಹೇಳಿದರೆ ಹೂಂ ಅನ್ನುತ್ತಾನೆ.
ಪುಡಿ ಮಾತ್ರ ಎರೆವಾನಿನಿಂದ, ಬಸ್ಸಿನ ಡ್ರೈವರ್ ಕೈಲಿ,
ತಪ್ಪದೆ ಬರುತ್ತದೆ: ಮೊದಲು ಒರಟು,
ಆಮೇಲೆ ನಯ, ಆಮೇಲೆ ಹಿಟ್ಟಿನಂಥದು.
ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವ ದಿನ
ಮನೆಯೆಲ್ಲ ತೊಳೆಯುತ್ತಾನೆ, ಸೂರು ಸಹಿತ.
ಒಂದೇ ಒಂದು ಒರಟು ಕಣ ಉಳಿದರೂ ಗೀರು ಬಿದ್ದು
ಮೂರು ತಿಂಗಳು ನೀರಲ್ಲಿ ಹೋಮ.
ತಲೆ ಕೊಡವಿಕೊಂಡು ಒಳಗೆ ಬಾ, ಎನ್ನುತ್ತಾನೆ ನನಗೆ.
ನಾನು ಹೊಸಿಲಾಚೆ ನಿಂತು ಕೊಡವುತ್ತೇನೆ,
ಒದ್ದೆಯಾದ ನಾಯಿಯ ಹಾಗೆ.

ನನ್ನ ಅಣ್ಣನನ್ನು ಮಣ್ಣು ಮಾಡಿ ಬಂದು
ಎಲ್ಲರೂ ಊಟಕ್ಕೆ ಕೂತಾಗ
ಅವನ ಹೆಬ್ಬೆರಳು ಮೇಜಿನ ಬಟ್ಟೆಯ ಮೇಲೆ
ಸುತ್ತುತ್ತಿತ್ತು, ಸುತ್ತುತ್ತಿತ್ತು.
ನಾನೊಬ್ಬಳೇ ನೋಡಿದೆ. ಬಟ್ಟೆ ಎಳೆದು ಮುಚ್ಚಿದೆ.

ಮಂಗಳವಾರ ಆಸ್ಪತ್ರೆಯಿಂದ ಬಂದೆ.
ಕೊರಳಲ್ಲಿ ಗಂಟಿದೆಯಂತೆ, ಅಂದೆ.
ಹೂಂ.
ಸೂಜಿ ಚುಚ್ಚಿ ನೋಡಬೇಕಂತೆ, ಅಂದೆ.
ಹೂಂ, ಅಂಚು ಇನ್ನೂ ಎತ್ತರ ಇದೆ, ಅಂದ.
ಮೂರನೆಯ ಸಲ ಹೇಳಿದ್ದು ಪೀಪಾಯಿಗೆ.

ಆ ರಾತ್ರಿ ಪರೀಕ್ಷೆ.
ಒಲೆ ಹಚ್ಚುವಂತಿಲ್ಲ. ಬಿಸಿಗೆ ಗಾಳಿ ಕುಣಿಯುತ್ತದೆ,
ನೆರಳು ಕಲಕುತ್ತದೆ.
ಬೇಳೆಯ ಪಾತ್ರೆ, ಕರೆಂಟ್ ಒಲೆ
ಹೊರಗೆ ಮೆಟ್ಟಿಲ ಬಳಿಗೆ ಗಡಿಪಾರು.
ಗಾಜನ್ನು ಈ ತುದಿಯಲ್ಲಿ ನಿಲ್ಲಿಸಿ
ಡಬ್ಬಿಗೊಂದು ಸೂಜಿತೂತು ಮಾಡಿ, ಒಳಗೆ ಬಲ್ಬಿಟ್ಟು,
ಮಲಗುವ ಕೋಣೆಯ ಆ ತುದಿಗೆ ಹೋದ,
ಹಳೆಯ ಬ್ಲೇಡಿಗೆ ಕಣ್ಣು ಹಚ್ಚಿ ಕೂತ.
ಕೋಟಿನೊಳಗೆ ಕೋಟು, ಟೋಪಿ, ಉಸಿರಿನ ಹಬೆ.

ನಾನು ಹೋಗಿ ಗಾಜಿನ ಮೇಲೆ ಅಂಗೈ ಇಟ್ಟೆ.
ಸುಮ್ಮನೆ ಅಲ್ಲ. ಇಪ್ಪತ್ತಾರು ವರ್ಷದ ಅಂಗೈ.
ಹತ್ತು ಎಣಿಸಿದೆ, ನಿಧಾನಕ್ಕೆ,
ಒಡೆಯಲೋ ಬೇಡವೋ ಎಂದು ಯೋಚಿಸುತ್ತ.
ಒಡೆಯಲಿಲ್ಲ. ಕೈ ತೆಗೆದೆ.

ಬೈಯುತ್ತಾನೆ ಅಂದುಕೊಂಡೆ.
ಇಲ್ಲಿ ಬಾ, ಅಂದ. ಬೇಗ ಬಾ.
ತನ್ನ ಸ್ಟೂಲು ಬಿಟ್ಟುಕೊಟ್ಟ, ಮೊದಲ ಬಾರಿಗೆ.
ಕಣ್ಣು ಹಚ್ಚಿದೆ.
ಬೂದುಬಣ್ಣದ ಚಂದ್ರನಂಥ ಗಾಜು,
ಅದರ ಎದೆಯ ಮೇಲೆ ಒಂದು ಗುಡ್ಡ.
ಐದು ಬೆಟ್ಟಸಾಲು, ಪಕ್ಕದಲ್ಲಿ ನೆರಳು,
ಕಿರುಬೆರಳಿನ ಸೊಟ್ಟ ಗೆಣ್ಣೂ ಗುರುತಾಗುವಷ್ಟು.
ನಿನ್ನ ಬಿಸಿಗೆ ಗಾಜು ಉಬ್ಬಿದೆ, ಅಂದ ಕಿವಿಯ ಬಳಿ,
ಒಂದು ಕೂದಲನ್ನು ಸಾವಿರ ಸೀಳಿದರೆ
ಅದರಲ್ಲೊಂದು ಸೀಳಿನಷ್ಟು.

ಅಷ್ಟಕ್ಕೆ ಇಷ್ಟು ದೊಡ್ಡ ನೆರಳೇ.

ಎಷ್ಟು ಹೊತ್ತು ನೋಡಿದೆನೋ.
ಬೆರಳ ತುದಿಗಳು ಮೊದಲು ಕರಗಿದವು,
ಹಸ್ತದ ಬುಡ ಹಟ ಹಿಡಿದು ಉಳಿಯಿತು.
ಆಮೇಲೆ ಅವನು ನೋಡಿದ, ಆಮೇಲೆ ನಾನು,
ಸರದಿಯ ಮೇಲೆ, ಮಾತಿಲ್ಲದೆ, ಜಗಳವಿಲ್ಲದೆ.
ಎದುರುಮನೆಯ ಮುದುಕ ಬಾಗಿಲು ಬಡಿದಾಗಲೇ
ಗೊತ್ತಾದದ್ದು: ಬೇಳೆ ಸೀದು
ಪಾತ್ರೆ ಕರಕಲಾಗಿ, ಮೆಟ್ಟಿಲೆಲ್ಲ ಹೊಗೆ.
ಮೂಗು ನನಗೂ ಇತ್ತಲ್ಲ!

ಪಾತ್ರೆಯನ್ನು ಹಿಮಕ್ಕೆ ಎಸೆದು ಬಂದೆ.
ಕತ್ತಲಲ್ಲಿ ಅವನು ಮತ್ತೆ ಬ್ಲೇಡಿನ ಹಿಂದೆ.
ಗಂಟು ಅಂದೆಯಲ್ಲ, ಯಾವ ಕಡೆ? ಅಂದ.
ಎಡಕ್ಕೆ, ಅಂದೆ.
ಕಣ್ಣು ತೆಗೆಯದೆಯೇ ಕೈ ಚಾಚಿದ.
ತಣ್ಣನೆಯ ಬೆರಳು, ಪುಡಿಯಿಂದ ಒರಟಾದದ್ದು,
ತಡಕಾಡದೆ ಸೀದಾ ಅಲ್ಲಿಗೇ ಬಂತು, ನಿಂತಿತು.

ಇನ್ನೂ ಇಳಿದಿಲ್ಲ, ಅಂದ.

ಗಾಜಿನದೋ, ನನ್ನದೋ,
ಕೇಳಲಿಲ್ಲ.